ಹಂಚಿನ ಮನಿ ಅಟ್ಟ ಓದೋ ಕೋಣಿ ಮಾಡೋದು: ಕೈಯಾಗಿನ ರೊಕ್ಕ ಮೊದಲ ಎಲ್ಲಿ ಹಾಕಬೇಕು?

ಪ್ರಶ್ನೆ

ನಮ್ದು ಬೆಳಗಾವಿ ಶಹಾಪುರದಾಗ ಹಳೇ ಹಂಚಿನ ಮನಿ. ಪಡಸಾಲಿ ಮ್ಯಾಲೆ 12×12 ಫೂಟಿನ ಅಟ್ಟ ಐತಿ. ನೆತ್ತಿ ಕೆಳಗ ಏಳೂವರೆ ಫೂಟ್ ಎತ್ತರ, ಮುಂದಿನ ಹಿಂದಿನ ಗ್ವಾಡಿ ಕಡೆ 4 ಫೂಟ್. ಇಷ್ಟ ದಿನ ಜ್ವಾಳದ ಚೀಲ, ಟ್ರಂಕು ಇಡ್ತಿದ್ವಿ. ಮಗಳು ಈ ವರ್ಷ ಹತ್ತನೇತ್ತೆ, ಅಕಿಗೆ ಓದಾಕ ಒಂದು ಕೋಣಿ ಬೇಕು. ಜಂತಿ 3×4 ಇಂಚಿನವು, ಒಂದೂವರೆ ಫೂಟಿಗೊಂದು ಅದಾವು. ಮುಂದಿನ ಗ್ವಾಡಿಯಿಂದ ಹಿಂದಿನ ಗ್ವಾಡಿಗೆ 12 ಫೂಟ್, ನಡುವ ಆಸರಿಲ್ಲ. ನಡದ್ರ ಕುಣೀತಾವು. ಪಡಸಾಲಿ ನೆಲದಿಂದ ಅಟ್ಟದ ಹಲಗಿಗೆ ಎಂಟೂವರೆ ಫೂಟ್. ಒಂದೂವರೆ ಲಕ್ಷದ ಮ್ಯಾಲೆ ಆಗೂದಿಲ್ಲ. ಪ್ಲೈವುಡ್ ಬಡದು ಪಿಒಪಿ ಸೀಲಿಂಗ್ ಮಾಡಿದ್ರ ಆತು ಅಂತಾರ ಗೌಂಡಿಯವರು. ಸಾಕೇನ್ರಿ ಸರ?

ಉತ್ತರ (ಕಟ್ಟಡ ಎಂಜಿನಿಯರ್)

ಸಾಲೂದಿಲ್ರಿ. ಪ್ಲೈವುಡ್ ಬಡಿದರೆ ಹಲಗೆಯ ಸಂದಿ ಮುಚ್ಚುತ್ತದೆ, ಜಂತಿಯ ಕುಣಿತ ನಿಲ್ಲುವುದಿಲ್ಲ. ವಾಸದ ಕೋಣೆಯ ನೆಲ ಚದರ ಮೀಟರಿಗೆ 200 ಕಿಲೋ ಬಳಕೆ ಭಾರ ಹೊರಬೇಕು, ಅದರ ಮೇಲೆ ನೆಲದ ಸ್ವಂತ ತೂಕ ಬೇರೆ. ಆ ಲೆಕ್ಕದಲ್ಲಿ ನಿಮ್ಮ ಜಂತಿ ಗಟ್ಟಿಮುಟ್ಟಾಗಿದ್ದರೂ ನಡುವೆ ಒಂದೂವರೆ ಇಂಚಿಗಿಂತ ಹೆಚ್ಚು ಜಗ್ಗುತ್ತದೆ. ಜೋಳದ ಚೀಲ ಇಷ್ಟು ವರ್ಷ ನಿಂತಿವೆಯಲ್ಲ ಎನ್ನಬೇಡಿ. ಚೀಲಗಳನ್ನು ಎಲ್ಲರೂ ಗೋಡೆ ಬದಿಗೆ ಒಟ್ಟುತ್ತಾರೆ, ಓಡಾಟ ನಡೆಯುವುದು ನಡುವೆ.

ಉಪಾಯ ಒಂದೇ: ಜಂತಿಗಳ ನಟ್ಟನಡುವೆ, ನೆತ್ತಿಯ ನೇರಕ್ಕೆ ಕೆಳಗೆ, ಎಡಗೋಡೆಯಿಂದ ಬಲಗೋಡೆಗೆ ಒಂದು ಕಬ್ಬಿಣದ ತೊಲೆ ಕೊಡುವುದು. ಜಂತಿಯ ಹಾರು (ಆಸರೆಯಿಂದ ಆಸರೆಗೆ ಇರುವ ದೂರ) 12 ಫೂಟಿನಿಂದ 6 ಫೂಟ್ ಆದರೆ ಜಂತಿಯ ಜಗ್ಗು ಅರ್ಧಕ್ಕಲ್ಲ, ಸುಮಾರು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಐಎಸ್‌ಎಂಬಿ 150 ಐ-ಸೆಕ್ಷನ್ (ಇಂಗ್ಲಿಷ್ I ಆಕಾರದ, 150 ಮಿ.ಮೀ. ಎತ್ತರದ ತೊಲೆ) ಸಾಕು. ಮೀಟರಿಗೆ ಸುಮಾರು 15 ಕಿಲೋ, 13 ಫೂಟಿನದು 60 ಕಿಲೋ ತೂಗುತ್ತದೆ. ಎರಡೂ ಕಡೆ ಗೋಡೆಯೊಳಗೆ ಆರಾರು ಇಂಚು ಕೂರಬೇಕು.

ಕೆಲಸ ಕೆಡುವುದು ಆ ತುದಿಗಳಲ್ಲೇ. ಒಂದೊಂದು ತುದಿಗೆ ಪೂರ್ತಿ ಭಾರದಲ್ಲಿ ಒಂದು ಟನ್ ಬೀಳುತ್ತದೆ. ಹಳೆಯ ಮನೆಯ ಗೋಡೆ ಮಣ್ಣಿನ ಗಾರೆಯದಾಗಿದ್ದರೆ ತೊಲೆಯ 3 ಇಂಚಿನ ಅಂಚು ಅದನ್ನು ಕೊರೆದು ಕುಸಿಯುತ್ತದೆ. ಅದಕ್ಕೆ ಕೆಳಗೆ 12 ಇಂಚು ಉದ್ದ, 9 ಇಂಚು ಅಗಲ, 6 ಇಂಚು ದಪ್ಪದ ಕಾಂಕ್ರೀಟ್ ದಿಂಬು (ಸಿಮೆಂಟ್, ಉಸುಕು, ಜಲ್ಲಿ 1:2:4) ಹಾಕಿಸಿ. ಏಳು ದಿನ ನೀರು ಉಣಿಸಿ, ಆಮೇಲೆ ತೊಲೆ ಇಡಿ. ಆ ಜಾಗದ ಕೆಳಗೆ ಬಾಗಿಲೋ ಕಿಟಕಿಯೋ ಇದ್ದರೆ, ಇಲ್ಲಾ ಗೋಡೆ ಸೀಳಿದ್ದರೆ, ಅಲ್ಲಿಯ ಎಂಜಿನಿಯರ್ ಒಬ್ಬರು ಕಣ್ಣಾರೆ ನೋಡುವ ತನಕ ಕೈ ಹಚ್ಚಬೇಡಿ.

ತೊಲೆಗೂ ಜಂತಿಗೂ ನಡುವೆ ಉಳಿಯುವ ಸಂದಿಗೆ ಕಬ್ಬಿಣದ ಪಟ್ಟಿ ತುಂಬಿಸಿ. ಕಟ್ಟಿಗೆ ಚಕ್ಕೆ ಬೇಡ, ಒಣಗಿ ಸಡಿಲಾಗಿ ಮತ್ತೆ ಕುಣಿತ ಶುರು. ಬಾಗಿದ ಜಂತಿಯನ್ನು ಜಾಕಿ ಹಚ್ಚಿ ಒಂದೇ ದಿನ ನೆಟ್ಟಗೆ ಮಾಡಲೂ ಹೋಗಬೇಡಿ. ಮೇಲಿನ ಹಂಚು ಒಡೆಯಬಹುದು.

ಮರುಪ್ರಶ್ನೆ

ಸರ, 13 ಫೂಟಿನ ತೊಲಿ 12 ಫೂಟಿನ ಕೋಣ್ಯಾಗ ಹ್ಯಾಂಗ ಎತ್ತಿ ಕೂಡಸೂದ್ರಿ? ಗ್ವಾಡಿ ಒಂದೂವರೆ ಫೂಟ್ ದಪ್ಪ ಅದಾವು. ಮತ್ತ ಈಗಿರೋ ನಿಚ್ಚಣಿಕಿ ತಗದು ಪಾವಟಿಗಿ ಮಾಡಬೇಕಂದ್ರ ಎಲ್ಲಿ?

ಉತ್ತರ (ಎಂಜಿನಿಯರ್)

ಒಂದು ಗೋಡೆಯ ಗೂಡನ್ನು 6 ಇಂಚು, ಇನ್ನೊಂದನ್ನು 13–14 ಇಂಚು ಆಳ ತೋಡಿಸಿ. ಆಳದ ಗೂಡಿಗೆ ತೊಲೆಯನ್ನು ಪೂರ್ತಿ ನುಗ್ಗಿಸಿ, ಈ ತುದಿ ಗೋಡೆ ದಾಟಿ ನೇರಕ್ಕೆ ಬಂದ ಮೇಲೆ ವಾಪಸ್ 6 ಇಂಚು ಎಳೆದುಕೊಳ್ಳಿ. ಉಳಿದ ಪೊಳ್ಳನ್ನು ಇಟ್ಟಂಗಿ, ಸಿಮೆಂಟಿನಿಂದ ತುಂಬಿ. ಎತ್ತುವ ಮೊದಲೇ ರೆಡ್ ಆಕ್ಸೈಡ್ ಎರಡು ಕೈ ಬಳಿಸಿ. ಗೋಡೆಯೊಳಗೆ ಹೋದ ತುದಿಗೆ ಆಮೇಲೆ ಬ್ರಶ್ ಮುಟ್ಟುವುದಿಲ್ಲ.

ಪಾವಟಿಗೆ ವಿಷಯ. ಆರಾಮದ ಮೆಟ್ಟಿಲೆಂದರೆ ಏರು (ಒಂದು ಮೆಟ್ಟಿಲಿನ ಎತ್ತರ) 190 ಮಿ.ಮೀ. ಒಳಗೆ, ತುಳಿ (ಕಾಲಿಡುವ ಅಗಲ) 250 ಮಿ.ಮೀ. ಎಂಟೂವರೆ ಫೂಟಿಗೆ 14 ಏರು ಬೇಕು, ನೆಲದ ಮೇಲೆ ಹತ್ತಿರ ಹತ್ತಿರ 11 ಫೂಟ್ ಉದ್ದ ತಿನ್ನುತ್ತದೆ. ನಿಮ್ಮ ಪಡಸಾಲೆಯಲ್ಲಿ ಅದು ಕೂರುವುದಿಲ್ಲ. ಕಡಿದಾದ ಕಬ್ಬಿಣದ ಪಾವಟಿಗೆಯೇ ಗತಿ: ಎಂಟೂವರೆ ಇಂಚಿನ 12 ಏರು, 6 ಇಂಚಿನ ತುಳಿ (ಪ್ರತಿ ತುಳಿಯ ಹಿಂಬದಿ ಮೇಲಿನ ತುಳಿಯ ಕೆಳಗೆ ಒಂದೂವರೆ ಇಂಚಿನಷ್ಟು ಸರಿದಿರಬೇಕು), ಹಿಂಬದಿ ತೆರೆದದ್ದು, ಎರಡೂ ಕಡೆ ಹಿಡಿಕೆ. ಸುಮಾರು 4 ಫೂಟ್ ಜಾಗದಲ್ಲಿ ಮುಗಿಯುತ್ತದೆ. ಇಳಿಯುವಾಗ ಮುಖ ಮೆಟ್ಟಿಲಿನ ಕಡೆಗೇ ಇರಬೇಕು. ಮನೆಯ ಹಿರಿಯರಿಗೆ ಇದು ಆಗುವುದಿಲ್ಲ, ಅದನ್ನು ಈಗಲೇ ಒಪ್ಪಿಕೊಂಡು ಮಾಡಿಸಿ.

ಮೇಲೆ ಕಾಲಿಡುವ ಜಾಗ ನೆತ್ತಿಯ ಕೆಳಗೇ ಬರಬೇಕು, ಇಲ್ಲದಿದ್ದರೆ ದಿನಾ ತಲೆಗೆ ಪೆಟ್ಟು. ಹಾಗಾಗಿ ಹತ್ತಿ ಬರುವ ಕಂಡಿಯನ್ನು ಕಬ್ಬಿಣದ ತೊಲೆಯಿಂದ ಗೋಡೆಯ ಕಡೆಗೆ 4 ಫೂಟ್ ಬಿಡಿಸಿ. ಒಂದೇ ಒಂದು ಜಂತಿ ಕೊಯ್ದರೆ 33 ಇಂಚು ಅಗಲ ಸಿಗುತ್ತದೆ. ಕೊಯ್ಯುವ ಮೊದಲು ತೊಲೆ ಕೂತಿರಬೇಕು, ಅಕ್ಕಪಕ್ಕದ ಜಂತಿಗಳಿಗೆ ಜೋಡಿ ಜಂತಿ ಬೋಲ್ಟ್ ಆಗಿರಬೇಕು, ಗೋಡೆ ಕಡೆ ಉಳಿದ ತುಂಡನ್ನು ಅಡ್ಡಪಟ್ಟಿಗೆ ಬಿಗಿದಿರಬೇಕು. ಹಂಚಿನ ಭಾರ ಗೋಡೆಯನ್ನು ಹೊರಕ್ಕೆ ದೂಡುತ್ತಿರುತ್ತದೆ, ಹಲವು ಮನೆಗಳಲ್ಲಿ ಆ ಗೋಡೆಗಳನ್ನು ಹಿಡಿದಿಟ್ಟಿರುವುದು ಇದೇ ಜಂತಿಗಳು. ಎರಡು-ಮೂರು ಜಂತಿ ಕೊಯ್ದು ದೊಡ್ಡ ಕಂಡಿ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಬಡಿಗೇರ ಕೆಲಸದವರ ಮಾತು

ಸಾಹೇಬ್ರು ಹೇಳಿದ್ದಕ್ಕ ಒಂದು ಸೇರಸ್ತೇನ್ರಿ. ಇದೆಲ್ಲಾ ಜಂತಿ ಗಟ್ಟಿ ಇದ್ರ ಮಾತ್ರ. ಮೊದಲ ಪ್ರತಿ ಜಂತಿ ತುದಿ, ಗ್ವಾಡ್ಯಾಗ ಹೋಗೋ ಜಾಗಾದಾಗ, ದಬ್ಬಣ ಒತ್ತಿ ನೋಡ್ರಿ. ಗ್ವಾಡಿ ಮಳಿನೀರು ಕುಡದು ಕಟ್ಟಿಗಿ ಕೊಳಿಯೂದು ಅಲ್ಲಿಂದನ. ದಬ್ಬಣ ಕಾಲ ಇಂಚಿಗಿಂತ ಒಳಗ ಸಲೀಸ ಹೋತಂದ್ರ ಆ ಜಂತಿ ನಂಬಬ್ಯಾಡ್ರಿ. ಸುತ್ತಿಗಿಲೆ ಬಡದ್ರ ಗಟ್ಟಿ ಕಟ್ಟಿಗಿ ಠಣ್ ಅಂತೈತಿ, ತಿಂದದ್ದು ಬದ್ ಅಂತೈತಿ. ಕೆಳಗ ಹಿಟ್ಟಿನಂಥ ಪುಡಿ ಉದುರಿದ್ರ ನುಸಿ, ಮಣ್ಣಿನ ಗೆರಿ ಏರಿದ್ರ ವರ್ಲಿ. ವರ್ಲಿ ನೆಲದಿಂದ ಬಂದಿರ್ತೈತಿ, ಬರೇ ಜಂತಿಗೆ ಔಷಧ ಹೊಡದ್ರ ಹೋಗೂದಿಲ್ಲ, ಗ್ವಾಡಿ ಬುಡಕ್ಕೂ ಕೊಡಬೇಕು.

ಹಳೇ ಹಲಗಿ ತಗೀಬ್ಯಾಡ್ರಿ. ಸ್ಕ್ರೂ ಹಾಕಿ ಬಿಗದು, ಮ್ಯಾಲೆ 12 ಮಿ.ಮೀ. ಪ್ಲೈ ಹಲಗಿಗೆ ಅಡ್ಡಲಾಗಿ ಹಾಸ್ರಿ. ಕಂಡಿ ಬಿಟ್ಟು 8×4ರ ಐದು ಶೀಟ್ ಸಾಕು. ಅಂಚಿಗೆ 6 ಇಂಚಿಗೊಂದು, ನಡುವ ಫೂಟಿಗೊಂದು ಸ್ಕ್ರೂ, ಶೀಟಿನ ನಡುವ 3 ಮಿ.ಮೀ. ಸಂದಿ. ಮೊಳಿ ಹೊಡದ್ರ ಎರಡ ವರ್ಷದಾಗ ಸಡಿಲಾಗಿ ಕಿರ್ ಕಿರ್ ಅಂತೈತಿ.

ಪ್ರಶ್ನೆ ಕೇಳಿದವರು

ದಬ್ಬಣ ಹಾಕಿ ನೋಡ್ತೇವ್ರಿ ಕಾಕಾ. ಸೀಲಿಂಗ್ ಏನು ಮಾಡೂದು? ಹಂಚಿನ ಕಾವು ಬ್ಯಾಸಗ್ಯಾಗ ತಡಕೊಳ್ಳಾಕ ಆಗೂದಿಲ್ಲ.

ಉತ್ತರ (ಎಂಜಿನಿಯರ್)

ಮೊದಲು ಹಂಚು, ಆಮೇಲೆ ಸೀಲಿಂಗ್. ಪಿಒಪಿ ಮತ್ತು ಜಿಪ್ಸಂ ಹಂಚಿನ ಕೆಳಗೆ ಬೇಡ. ಒಂದು ಹಂಚು ಜಾರಿದರೂ ನೆನೆದು ಜೋತು ಬೀಳುತ್ತವೆ. ಹಂಚು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಸೂರು ಸೇರಿ ನಿಮ್ಮ ಮಾಡಿಗೆ ಮುನ್ನೂರರ ಹತ್ತಿರ. ಒಡೆದದ್ದನ್ನು ಬದಲಿಸುವಾಗ ಹಳೆಯ ಹಂಚೊಂದನ್ನು ಒಯ್ದು, ತೋಡಿಗೆ ತೋಡು ಕೂಡಿಸಿ ನೋಡಿ ತನ್ನಿ. ಬೇರೆ ಅಚ್ಚಿನದು ಕಚ್ಚುವುದಿಲ್ಲ, ಸೋರುತ್ತದೆ. ನೆತ್ತಿ ಹಂಚಿನ ಗಾರೆ ಬಿರಿದಿದ್ದರೆ ಕೆತ್ತಿ ಹೊಸದಾಗಿ ಮಾಡಿಸಿ. ಕೆಲಸ ರೋಹಿಣಿ ಮಳೆಗೆ ಮುಂಚೆ ಮುಗಿಯಲಿ. ಮಿರಗ ಹೊಕ್ಕ ಮೇಲೆ ಹಂಚು ಬಿಚ್ಚುವ ಮಾತೇ ಇಲ್ಲ. ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸುವಾಗ ಸೂರಿನಿಂದ ಮೇಲಕ್ಕೆ ಹೋಗಿ. ನೆತ್ತಿಯಿಂದ ಶುರು ಮಾಡಿದರೆ ಎಲ್ಲಾ ಒದ್ದೆಯಾಗಿ ತೂತು ಎಲ್ಲಿ ಅಂತ ತಿಳಿಯುವುದಿಲ್ಲ.

ಕಾವಿಗೆ: ಹಂಚಿನ ಕೆಳಗೆ 2 ಇಂಚು ಗಾಳಿ ಸಂದಿ, ಅದರ ಕೆಳಗೆ ಹೊಳೆಯುವ ಮುಖ ಮೇಲೆ ಮಾಡಿ ಫಾಯಿಲ್ ಹಾಳೆ, ಅದರ ಕೆಳಗೆ 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್, 6 ಶೀಟ್. ಫಾಯಿಲ್ ಹಂಚಿಗೆ ಅಂಟಿದರೆ ಕೆಲಸ ಮಾಡುವುದಿಲ್ಲ, ಸಂದಿಯೇ ಅದರ ಜೀವ. ಸೂರಿನಲ್ಲೂ ನೆತ್ತಿಯಲ್ಲೂ ಗಾಳಿಗೆ ಜಾಲರಿ ಹಾಕಿದ ದಾರಿ ಬಿಡಿ. ಥರ್ಮಾಕೋಲ್ ತುಂಬಬೇಡಿ, ಬೆಂಕಿ ತಗುಲಿದರೆ ಅದರ ಹೊಗೆ ವಿಷ, ಈ ಕೋಣೆಗೆ ಇಳಿಯುವ ದಾರಿ ಒಂದೇ.

ಸೀಲಿಂಗ್ 4 ಇಂಚು ತಿಂದ ಮೇಲೆ 6 ಫೂಟ್ ಎತ್ತರ ನಡುವಿನ 4 ಫೂಟ್ ಪಟ್ಟಿಯಲ್ಲಿ ಮಾತ್ರ ಉಳಿಯುತ್ತದೆ. ಅದಕ್ಕೆ ಟೇಬಲ್ಲನ್ನು ಇಳಿಜಾರಿನ ಕೆಳಗೆ ಹಾಕದೆ, ತ್ರಿಕೋನ ಗೋಡೆಗೆ ಹಚ್ಚಿ ಹಾಕಿ. ಕುರ್ಚಿಯಿಂದ ಎದ್ದರೆ ತಲೆ ನೆತ್ತಿಯ ಕೆಳಗೇ ಇರುತ್ತದೆ. ಕಿಟಕಿಯೂ ಅಲ್ಲೇ, ಮೂಡಣಕ್ಕೋ ಬಡಗಣಕ್ಕೋ ಇರಲಿ. ಪಡುವಣದ ಕಿಟಕಿಗೆ ಮಳೆಗಾಲದ ಎರಚಲು ತಪ್ಪುವುದಿಲ್ಲ. ಹೊಸ ಕಿಟಕಿ ಒಡೆಯುವ ಮುಂಚೆ ಮಹಾನಗರ ಪಾಲಿಕೆಯಲ್ಲಿ ಕೇಳಿಕೊಳ್ಳಿ. ಪುಸ್ತಕದ ಕಪಾಟು ಗಿಡ್ಡದ್ದು, ಗೋಡೆ ಬದಿಗೆ.

ವೈರಿಂಗ್ ಗಟ್ಟಿ ಪೈಪಿನಲ್ಲೇ ಆಗಲಿ, ಅಟ್ಟದಲ್ಲಿ ಇಲಿ ಕಡಿಯುತ್ತವೆ. ದೀಪಕ್ಕೆ 1.5, ಸಾಕೆಟ್ಟಿಗೆ 2.5 ಚದರ ಮಿ.ಮೀ. ತಂತಿ, ಬೇರೆ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ, ಶಾಕ್ ಹೊಡೆದರೆ ಕೂಡಲೇ ಕಡಿಯುವ ಸ್ವಿಚ್).

ರೊಕ್ಕ ಸಾಲದಿದ್ದರೆ ಸೀಲಿಂಗ್ ಬೋರ್ಡು, ಬಣ್ಣ ಮುಂದಿನ ವರ್ಷಕ್ಕೆ ದೂಡಿ. ತೊಲೆ, ಹಂಚು, ಪಾವಟಿಗೆ ಹಿಡಿಕೆ, ಆರ್‌ಸಿಸಿಬಿ ಈ ನಾಲ್ಕರಲ್ಲಿ ಒಂದನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು

ಬೆಳಕಿಗೆ ಗಾಜಿನ ಹಂಚು ಹಾಕಬಹುದಾ?

ಉತ್ತರ (ಎಂಜಿನಿಯರ್)

ಬಡಗಣ ಇಳಿಜಾರಿದ್ದರೆ ಅಲ್ಲಿ ನಾಲ್ಕು ಹಾಕ್ರಿ, ನಿಮ್ಮ ಹಂಚಿನ ಅಚ್ಚಿನವೇ ಆಗಿರಲಿ. ಅಷ್ಟು ಜಾಗದ ಫಾಯಿಲ್, ಬೋರ್ಡ್ ಕತ್ತರಿಸಿ ಸುತ್ತ ಪೆಟ್ಟಿಗೆ ಕಟ್ಟಿಸಬೇಕಾಗುತ್ತದೆ, ಅದನ್ನು ಬೋರ್ಡ್ ಹೊಡೆಯುವ ಮುಂಚೆಯೇ ಬಡಿಗರಿಗೆ ಹೇಳಿ.