ವಿಡಿಯೋ ಚೆನ್ನಾಗಿ ಬರ್ತಿದೆ, ಆಡಿಯೋ ಮಾತ್ರ ಬಾವಿಯೊಳಗಿಂದ ಬಂದಂಗಿದೆ, ಏನ್ ಮಾಡ್ಲಿ?

ಕೇಳಿದ್ದು, ರಾಜಾಜಿನಗರದಿಂದ

ಎಲ್ರಿಗೂ ನಮಸ್ಕಾರ. ನಮ್ಮಜ್ಜಿಗೆ 82, ಹಳೇ ಅಡುಗೆ, ಹಳೇ ಬೆಂಗಳೂರಿನ ಸುದ್ದಿ ಎಲ್ಲಾ ಹೇಳ್ತಾರೆ, ಅದನ್ನ ಕ್ಯಾನನ್ 1500ಡಿನಲ್ಲಿ ವಿಡಿಯೋ ಮಾಡಿ ಇಟ್ಕೊಳ್ತಿದೀನಿ. ಚಿತ್ರ ಚೆನ್ನಾಗೇ ಬರುತ್ತೆ, ಆಡಿಯೋ ಮಾತ್ರ ಬಾವಿಯೊಳಗೆ ಕೂತು ಮಾತಾಡ್ದಂಗೆ. ಅಜ್ಜಿ ಒಂಚೂರು ಸುಮ್ನಾದ್ರೆ ಸಾಕು, ಸ್‌ಸ್‌ಸ್ ಅಂತ ಸದ್ದು ಏರುತ್ತೆ, ಮತ್ತೆ ಮಾತಾಡಿದ್ರೆ ಇಳಿಯುತ್ತೆ. ಮೊದಲನೇ ಮಹಡಿ ಮನೆ, ಕೆಳಗೆ ಬಸ್ ಓಡಾಡೋ ರೋಡು, ಪಕ್ಕದ ಸೈಟಲ್ಲಿ ಟೈಲ್ಸ್ ಕಟಿಂಗ್ ಬೇರೆ. ಹೊಸ ಕ್ಯಾಮೆರಾನೇ ತಗೋಬೇಕಾ? ಕಮ್ಮಿ ಖರ್ಚಲ್ಲಿ ಯಾರಾದ್ರೂ ದಾರಿ ಕಂಡ್ಕೊಂಡಿದ್ರೆ ಹೇಳಿ.

ಮದುವೆ ವಿಡಿಯೋ ಮಾಡೋನು, ಮಲ್ಲೇಶ್ವರ

ಹೊಸ ಕ್ಯಾಮೆರಾಗೆ ದುಡ್ಡು ಹಾಕ್ಬೇಡಿ ಗುರು. ಆ ಸದ್ದು ಏರಿ ಇಳಿಯೋದು ಇದ್ಯಲ್ಲ, ಅದು ಆಟೋ ಲೆವೆಲ್‌ದು. ಅಜ್ಜಿ ಸುಮ್ನಾದ್ರೆ ಕ್ಯಾಮೆರಾ ಏನೂ ಕೇಳಿಸ್ತಿಲ್ವಲ್ಲ ಅಂತ ಗೇನ್ (ಮೈಕ್ ಸದ್ದನ್ನ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋದು) ಏರಿಸ್ಕೊಳ್ಳುತ್ತೆ, ಆಗ ಫ್ಯಾನು, ಬಸ್ಸು, ಕ್ಯಾಮೆರಾದ ಒಳಗಿನ ಸದ್ದು ಎಲ್ಲಾ ಮೇಲೆದ್ದು ಬರುತ್ತೆ. ಮೆನುನಲ್ಲಿ ಸೌಂಡ್ ರೆಕಾರ್ಡಿಂಗ್ ಅನ್ನೋದನ್ನ ಮ್ಯಾನ್ಯುಯಲ್ ಮಾಡಿ, ಆ ಉಯ್ಯಾಲೆ ನಿಲ್ಲುತ್ತೆ.

ಬಾವಿ ಮಾತ್ರ ಅದ್ರಿಂದ ಹೋಗಲ್ಲ, ಅದು ದೂರದ ಸಮಸ್ಯೆ. ಕ್ಯಾಮೆರಾ ಅಜ್ಜಿಯಿಂದ 2 ಮೀಟರ್ ದೂರ ಇದೆ ಅಂತಿಟ್ಕೊಳ್ಳಿ, ಮೈಕು ಬಾಯಿಂದ ಒಂದು ಗೇಣಿಗೆ ಬಂದ್ರೆ ದೂರ ಮೂರು ಸಲ ಅರ್ಧ ಆದಂಗೆ, ಒಂದೊಂದು ಅರ್ಧಕ್ಕೂ ಸುಮಾರು 6 ಡಿಬಿ (ಡೆಸಿಬಲ್, ಸದ್ದಿನ ಅಳತೆ), ಒಟ್ಟು 18 ಡಿಬಿ ಅಜ್ಜಿ ಮಾತು ಜಾಸ್ತಿ ಆಗುತ್ತೆ. ಬಸ್ಸಿನ ಸದ್ದು, ಗೋಡೆಗೆ ಹೊಡೆದು ವಾಪಸ್ ಬರೋ ಸದ್ದು ಇದ್ದಷ್ಟೇ ಇರುತ್ತೆ. ಎಷ್ಟೇ ದುಬಾರಿ ಕ್ಯಾಮೆರಾ ತಂದ್ರೂ 2 ಮೀಟರ್ ದೂರದಿಂದ ಈ ಲೆಕ್ಕ ತಪ್ಪಿಸೋಕಾಗಲ್ಲ.

1500ಡಿದು ಇನ್ನೊಂದು ತಾಪತ್ರಯ ಏನಂದ್ರೆ ಅದಕ್ಕೆ ಹೊರಗಿನ ಮೈಕ್ ಚುಚ್ಚೋ ತೂತೇ ಇಲ್ಲ, ಇದು ಗೊತ್ತಿಲ್ದೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಕ್ಯಾಮೆರಾ ಮೈಕ್ ತಂದು ಮನೇಲಿ ಪೆಚ್ಚಾಗಿ ಕೂತೋರನ್ನ ನೋಡಿದೀನಿ. ನಿಮ್ಮ ಫೋನನ್ನೇ ರೆಕಾರ್ಡರ್ ಮಾಡ್ಕೊಳ್ಳಿ. ಬೋಯಾ ಬಿವೈ-ಎಂ1 ಥರದ ವೈರ್ ಇರೋ ಕಾಲರ್ ಮೈಕ್ ತಗೊಂಡು ಫೋನಿಗೆ ಹಾಕಿ, ಅದ್ರ ವೈರು 6 ಮೀಟರ್ ಇದೆ, ಫೋನ್ ಅಜ್ಜಿ ಪಕ್ಕದಲ್ಲೇ ಇಡ್ಬೇಕು ಅಂತೇನಿಲ್ಲ. ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ದಿದ್ರೆ ಒಳ್ಳೆ ಕಥೆ ಮಧ್ಯೆ ಲೋನ್ ಬೇಕಾ ಅಂತ ಫೋನ್ ಬರುತ್ತೆ. ಎರಡೂ ರೆಕಾರ್ಡಿಂಗ್ ಶುರು ಮಾಡಿ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಎಡಿಟಿಂಗಲ್ಲಿ ಆ ಚಪ್ಪಾಳೆಯ ಮೊನೆ ಇಟ್ಕೊಂಡು ಎರಡನ್ನೂ ಕೂರಿಸೋದು. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ ಅದನ್ನ ತಾನಾಗೇ ಹೊಂದಿಸುತ್ತೆ, ಅದಕ್ಕೆ ಕ್ಯಾಮೆರಾದ ಆಡಿಯೋನೂ ಬೇಕು, ಕೆಟ್ಟದಾಗಿದೆ ಅಂತ ಆಫ್ ಮಾಡ್ಬೇಡಿ.

ಲೆವೆಲ್ ಬಗ್ಗೆ ನಾನು ಬುದ್ಧಿ ಕಲಿತಿದ್ದು ಒಂದು ಮದುವೇಲಿ. ಪುರೋಹಿತರು ಮಂತ್ರ ಮೆಲ್ಲಗೆ ಹೇಳ್ತಿದ್ರು, ಅದಕ್ಕೆ ಸರಿಯಾಗಿ ಗೇನ್ ಏರಿಸಿಟ್ಟು ನಾನು ಫ್ರೇಮ್ ನೋಡ್ತಾ ನಿಂತೆ. ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗಿದ್ದೇ ತಡ, ನಾದಸ್ವರ ಡೋಲು ಎರಡೂ ಒಟ್ಟಿಗೆ ಎದ್ವು. ಮನೆಗೆ ಬಂದು ನೋಡಿದ್ರೆ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಮೇಲೆ ಕೆಳಗೆ ಕತ್ತರಿಲಿ ಕತ್ತರಿಸಿದಂಗೆ ಚಪ್ಪಟೆ, ಕೇಳಿದ್ರೆ ಬರೀ ಗರಗರ. ಆಮೇಲೆ ಹುಡುಗಿ ಅಪ್ಪನಿಗೆ ಆ ಭಾಗಕ್ಕೆ ಹಾಡು ಹಾಕಿ ಕೊಟ್ಟೆ, ಅವರು ಬೈಲಿಲ್ಲ, ನಂಗೇ ಇವತ್ತಿಗೂ ಬೇಜಾರು. ಡಿಜಿಟಲ್‌ನಲ್ಲಿ ಲೆವೆಲ್ ಮೀಟರ್ 0 ಡಿಬಿ ದಾಟಿದ್ರೆ ಮುಗೀತು, ವಾಪಸ್ ತರೋಕಾಗಲ್ಲ, ಅದಕ್ಕೆ ಮಾಮೂಲಿ ಮಾತು ಮೈನಸ್ 12 ಡಿಬಿ ಹತ್ರ ಓಡಾಡ್ಲಿ, ಜೋರಾಗಿ ನಕ್ಕರೂ ಮೈನಸ್ 6 ದಾಟದೇ ಇರ್ಲಿ. ಈಗ ಜ಼ೂಮ್ ಎಚ್1 ಎಸೆನ್ಷಿಯಲ್ ಥರದ 32 ಬಿಟ್ ಫ್ಲೋಟ್ (ತುಂಬಾ ಮೆಲ್ಲಗಿನಿಂದ ತುಂಬಾ ಜೋರಿನವರೆಗೂ ಸದ್ದು ಹಿಡಿಯೋ) ರೆಕಾರ್ಡರ್‌ಗಳು ಬಂದಿವೆ, ಅದ್ರಲ್ಲಿ ಲೆವೆಲ್ ತಪ್ಪಿದ್ರೂ ಆಮೇಲೆ ಇಳಿಸ್ಕೋಬಹುದು, ಆದ್ರೆ ದೂರ ಇಟ್ರೆ ಅದ್ರಲ್ಲೂ ಬಾವಿನೇ.

ಸಿನಿಮಾ ಸೆಟ್ಟಲ್ಲಿ ಸೌಂಡ್ ಅಸಿಸ್ಟೆಂಟ್, ಕೆಂಗೇರಿ

ಮೇಲಿನೋರು ಹೇಳಿದ್ದು ಸರಿ. ನಾನು ರೂಮ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಮ್ಮ ಬೆಂಗಳೂರು ಮನೆಗಳು ರೆಕಾರ್ಡಿಂಗಿಗೆ ಶತ್ರು, ನೆಲ ವಿಟ್ರಿಫೈಡ್ ಟೈಲ್ಸು, ಗೋಡೆ ಬೋಳು, ಮೇಲೆ ಆರ್‌ಸಿಸಿ. ಹಾಲ್ ಬಿಟ್ಟು ಬೀರು, ಹಾಸಿಗೆ ಇರೋ ರೂಮಿಗೆ ಹೋಗಿ. ಬೀರು ಬಾಗಿಲು ತೆರೆದಿಡಿ, ಸೀರೆಗಳೇ ಸದ್ದು ಕುಡಿಯುತ್ತೆ. ಕೆಳಗೆ ಜಮಖಾನ, ಕ್ಯಾಮೆರಾ ಹಿಂದುಗಡೆ ಗೋಡೆಗೆ ಎರಡು ದಪ್ಪ ಕಂಬಳಿ ನೇತುಹಾಕಿ, ಯಾಕಂದ್ರೆ ಅಜ್ಜಿ ಮಾತು ಹೋಗಿ ಬಡಿಯೋದು ಆ ಗೋಡೆಗೇ.

ಫ್ಯಾನು ಆಫ್. ಅಜ್ಜಿಗೆ ಸೆಕೆ ಆದ್ರೆ 10 ನಿಮಿಷಕ್ಕೊಂದು ಬ್ರೇಕ್ ಕೊಡಿ. ಫ್ರಿಜ್ ಸದ್ದು ಬರ್ತಿದ್ರೆ ಅದೂ ಆಫ್, ಆದ್ರೆ ನಿಮ್ಮ ಗಾಡಿ ಕೀ ಫ್ರಿಜ್ ಒಳಗಿಡಿ, ಇಲ್ದಿದ್ರೆ ಆನ್ ಮಾಡೋದು ಮರೆತು ಹೊರಟ್ಬಿಡ್ತೀರಾ, ಹಾಲು ಒಡೆಯುತ್ತೆ. ನಮ್ಮ ಲೈನಲ್ಲಿ ಇದು ಹಳೇ ಉಪಾಯ. ಎಲ್ಲಾ ಮುಗಿದ್ಮೇಲೆ ಯಾರೂ ಮಾತಾಡದೆ 30 ಸೆಕೆಂಡ್ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಲ್ಲಿ ಕೆಮ್ಮು ಕತ್ತರಿಸಿದ ಜಾಗಕ್ಕೆ ತೇಪೆ ಹಾಕೋಕೆ ಅದೇ ಬೇಕು.

ಕಾಲರ್ ಮೈಕ್ ಇಷ್ಟ ಇಲ್ದಿದ್ರೆ ಮೈಕನ್ನ ತಲೆ ಮೇಲಿಂದ ಇಳಿಬಿಡಬಹುದು. ಬೂಮ್ ಕೋಲು ಕೊಳ್ಳೋಕೆ ಹೋಗ್ಬೇಡಿ, ಜೇಡರಬಲೆ ತೆಗೆಯೋ ಉದ್ದ ಕೋಲಿಗೆ ಮೈಕ್ ಹೋಲ್ಡರ್ ಕಟ್ಟಿದ್ರೆ ಆಯ್ತು, ನಾನು ಕಾಲೇಜಲ್ಲಿ ಶಾರ್ಟ್ ಫಿಲಂ ಮಾಡಿದ್ದು ಅದ್ರಲ್ಲೇ. ಶಾಟ್‌ಗನ್ ಮೈಕ್ (ಎದುರಿನ ಸದ್ದು ಹಿಡಿಯೋ ಉದ್ದ ಕೊಳವೆ ಥರದ ಮೈಕ್) ದೂರದ ಮಾತನ್ನ ಎಳೆದು ತರುತ್ತೆ ಅನ್ನೋದು ಸುಳ್ಳು ನಂಬಿಕೆ, ಅದು ಪಕ್ಕದ ಸದ್ದನ್ನ ಕಮ್ಮಿ ಮಾಡುತ್ತೆ ಅಷ್ಟೇ, ಸಣ್ಣ ರೂಮಲ್ಲಿ ಗೋಡೆ ಪ್ರತಿಧ್ವನಿ ಸೇರ್ಕೊಂಡು ಡಬ್ಬದ ಥರ ಕೇಳ್ಸುತ್ತೆ.

ತಿಂಡಿ ವಿಡಿಯೋ ಮಾಡೋನು, ಬಸವನಗುಡಿ

ಹೆಡ್‌ಫೋನ್ ಬಗ್ಗೆ ಯಾರೂ ಹೇಳೇ ಇಲ್ವಲ್ಲ! ವಿವಿ ಪುರಂ ತಿಂಡಿ ಬೀದಿಲಿ ಒಂದಿನ ವೈರ್‌ಲೆಸ್ ಮೈಕ್ ಹಾಕ್ಕೊಂಡು 40 ನಿಮಿಷ ಬಾಯಿ ಬಡ್ಕೊಂಡಿದೀನಿ, ಸದ್ದು ಕಳಿಸೋ ಡಬ್ಬಿ, ಟ್ರಾನ್ಸ್‌ಮಿಟರ್, ಮ್ಯೂಟ್ ಆಗಿತ್ತು, ಹೆಡ್‌ಫೋನಲ್ಲಿ ಕೇಳ್ತಿರ್ಲಿಲ್ಲ ನೋಡಿ, ಗೊತ್ತೇ ಆಗ್ಲಿಲ್ಲ, ಅವರೆಬೇಳೆ ದೋಸೆ ಎರಡು ಪ್ಲೇಟ್ ತಿಂದಿದ್ದಷ್ಟೇ ಲಾಭ. ಇನ್ನೊಂದು, ಟ್ರಾನ್ಸ್‌ಮಿಟರನ್ನ ಹಿಂದಿನ ಜೇಬಲ್ಲಿ ಇಡ್ಬೇಡಿ, ಈ ಮೈಕ್‌ಗಳಲ್ಲಿ ಎಷ್ಟೋ ವೈಫೈ ಥರಾನೇ 2.4 ಗಿಗಾಹರ್ಟ್ಜ್‌ನಲ್ಲಿ ಓಡೋದು, ನಮ್ಮ ಮೈಯಲ್ಲಿರೋ ನೀರು ಅದನ್ನ ತಡೆಯುತ್ತೆ, ಸದ್ದು ಬಿಟ್ಟು ಬಿಟ್ಟು ಬರುತ್ತೆ. ಈಗ ನಾನು ಜನಜಂಗುಳಿಲಿ ಶೂರ್ ಎಸ್‌ಎಂ58 ಕೈಲಿ ಹಿಡ್ಕೊಂಡೇ ಮಾತಾಡ್ತೀನಿ, 1966ರಿಂದ ಬರ್ತಿರೋ ಹಾಡುಗಾರರ ಮೈಕು, ಬಾಯಿ ಹತ್ರ ಇಟ್ರೆ ಹಿಂದಿನ ಆಟೋ ಹಾರ್ನ್ ಅಷ್ಟಾಗಿ ಹಿಡಿಯಲ್ಲ. ನೋಡೋಕೆ ಹಳೇ ಟಿವಿ ರಿಪೋರ್ಟರ್ ಥರ ಕಾಣ್ತೀನಿ ಅಂತ ಹೆಂಡ್ತಿ ನಗ್ತಾಳೆ.

ಮಗಳ ರಂಗಪ್ರವೇಶ ಮಾಡಿಸಿದ ತಾಯಿ, ಜಯನಗರ

ನಂದು ಸ್ವಲ್ಪ ಬೇರೆ ಕೇಸು, ಆದ್ರೂ ಯಾರಿಗಾದ್ರೂ ಉಪಯೋಗ ಆಗ್ಬಹುದು. ಸಭಾಂಗಣದ ಸೌಂಡ್ ಮಿಕ್ಸರಿಂದ ನೇರ ಕ್ಯಾಮೆರಾಗೆ ವೈರ್ ಎಳೆಸಿದ್ವಿ, ಕ್ಯಾಮೆರಾ ಮೈಕ್ ತೂತಿಗೆ ಲೈನ್ ಲೆವೆಲ್ (ಮಿಕ್ಸರ್ ಕೊಡೋ ಜೋರು ಸಿಗ್ನಲ್) ಹೋದ್ರೆ ಹತ್ತಾರು ಪಟ್ಟು ಜಾಸ್ತಿ ಅಂತೆ, ಪೂರ್ತಿ ಹರಿದುಹೋಗಿತ್ತು. ಮಧ್ಯದಲ್ಲಿ ಕಮ್ಮಿ ಮಾಡೋ ಕೇಬಲ್ ಹಾಕ್ಬೇಕು ಇಲ್ಲಾ ಲೈನ್ ಇನ್ ಇರೋ ರೆಕಾರ್ಡರ್‌ಗೆ ಕೊಡ್ಬೇಕು. ಪುಣ್ಯಕ್ಕೆ ನಮ್ಮನೆಯವರು ಮೂರನೇ ಸಾಲಲ್ಲಿ ಫೋನಲ್ಲಿ ರೆಕಾರ್ಡ್ ಮಾಡಿದ್ರು. ಅದ್ರಲ್ಲಿ ಗೆಜ್ಜೆ ಸದ್ದೂ ಇತ್ತು, ಮಿಕ್ಸರ್‌ದು ಸರಿ ಬಂದಿದ್ರೂ ಅದು ಸಿಗ್ತಿರ್ಲಿಲ್ಲ, ಗೆಜ್ಜೆಗೆ ಯಾರು ಮೈಕ್ ಇಟ್ಟಿರ್ತಾರೆ.

ಐಟಿ ಕೆಲಸ, ವೈಟ್‌ಫೀಲ್ಡ್

ಇಷ್ಟೆಲ್ಲಾ ಯಾಕೆ, ಈಗ ಎಐ ಟೂಲ್‌ಗಳಿಗೆ ಹಾಕಿದ್ರೆ ಒಂದು ನಿಮಿಷದಲ್ಲಿ ಕ್ಲೀನ್.

ಸಿನಿಮಾ ಸೆಟ್ಟಲ್ಲಿ ಸೌಂಡ್ ಅಸಿಸ್ಟೆಂಟ್, ಕೆಂಗೇರಿ

ಫ್ಯಾನ್ ಥರ ಒಂದೇ ಸಮ ಇರೋ ಸದ್ದಿಗೆ ಪರ್ವಾಗಿಲ್ಲ ಸರ್, ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ನೇ ಸಾಕು, ಅದೂ ಮೆಲ್ಲಗೆ. ಆದ್ರೆ ಪ್ರತಿಧ್ವನಿ ತುಂಬಿರೋ ಮಾತನ್ನ ಎಐಗೆ ಕೊಟ್ಟು ನೋಡಿದೀನಿ, ಒಬ್ಬ ಅಜ್ಜನ ಧ್ವನಿ ವಾರ್ತೆ ಓದೋರ ಥರ ಬಂತು, ಉಸಿರೇ ಇಲ್ಲ, ಹಲ್ಲಿಲ್ಲದ ಬಾಯಲ್ಲಿ ಬರೋ 'ಸ' ಎಲ್ಲಾ ನುಂಗಿಹೋಗಿತ್ತು. ಇವರಿಗೆ ಬೇಕಾಗಿರೋದು ಅಜ್ಜಿ ಧ್ವನಿ ತಾನೇ.

ಕೇಳಿದ್ದು, ರಾಜಾಜಿನಗರದಿಂದ

ಎರಡು ಭಾನುವಾರ ಪ್ರಯತ್ನ ಮಾಡಿ ಬರೀತಿದೀನಿ. ಮಲ್ಲೇಶ್ವರದೋರೇ, ನಾನು ಗುರು ಅಲ್ಲ, ಅಕ್ಕ ಅನ್ನಿ ಬೇಕಾದ್ರೆ. ಕಾಲರ್ ಮೈಕ್ ತಂದೆ, ಫೋನಲ್ಲಿ ರೆಕಾರ್ಡ್ ಮಾಡಿದೆ. ಮೊದಲನೇ ವಾರ ಸೆರಗಿಗೆ ಸಿಕ್ಕಿಸಿದ್ದೆ, ರೇಷ್ಮೆ ಸೀರೆ ಸರಬರ ಸರಬರ, ಜೊತೆಗೆ ಎರಡೆಳೆ ಸರ ಬಂದು ಟಕ್ ಟಕ್ ಅಂತ ಮೈಕಿಗೆ ಹೊಡೆಯೋದು. ಅಜ್ಜಿಗೆ ನಗು ಬಂದ್ರೆ ಎದೆ ಮೇಲೆ ಕೈ ಇಟ್ಕೊಳ್ಳೋ ಅಭ್ಯಾಸ, ಪ್ರತಿ ನಗುವಿಗೂ ಧಡ್ ಅಂತ ಗುದ್ದು. ಎರಡನೇ ವಾರ ಕಾಟನ್ ಸೀರೆ ಉಡ್ಸಿ, ಸರ ಒಳಗೆ ಹಾಕ್ಸಿ, ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪಲ್ಲಿ ಮೈಕನ್ನ ರವಿಕೆ ಅಂಚಿಗೆ ಅಂಟಿಸಿ, ವೈರನ್ನ ಒಂದು ಸುತ್ತು ಸುತ್ತಿ ಅದಕ್ಕೂ ಟೇಪ್ ಹಾಕ್ದೆ, ಈಗ ಒಂದೂ ಸದ್ದಿಲ್ಲ. ಇದೇನೇ ಹುಳ ಅಂತ ಬೈದ್ರು, ಐದು ನಿಮಿಷಕ್ಕೆ ಮರೆತ್ರು.

ಹೆಡ್‌ಫೋನ್ ಹಾಕಿ ಕೇಳಿಸ್ದೆ. ಯಾರೇ ಇದು, ನಮ್ಮಮ್ಮ ಮಾತಾಡ್ದಂಗಿದೆ ಅಂದ್ರು.

ಎರಡು ಡೌಟು. ಕೊನೆಕೊನೆಗೆ ತುಟಿ ಮಾತು ಒಂಚೂರು ಹಿಂದೆ ಮುಂದೆ ಆಗ್ತಿದೆ ಯಾಕೆ? ಮತ್ತೆ, ಬೆಳಿಗ್ಗೆ ಹತ್ತರ ಹೊತ್ತಿಗೆ ತರಕಾರಿ ಗಾಡಿಯೋನು ಮೈಕಲ್ಲಿ ಟೊಮ್ಯಾಟೋ ಈರುಳ್ಳಿ ಅಂತ ಟೇಪ್ ಹಾಕ್ಕೊಂಡು ಮನೆ ಮುಂದೆನೇ ನಿಲ್ತಾನೆ, ಅದನ್ನ ತೆಗೆಯೋಕೆ ಏನಾದ್ರೂ ಫಿಲ್ಟರ್ ಇದ್ಯಾ?

ಮದುವೆ ವಿಡಿಯೋ ಮಾಡೋನು, ಮಲ್ಲೇಶ್ವರ

ತಪ್ಪಾಯ್ತು ಅಕ್ಕ. ತುಟಿ ಸಮಸ್ಯೆ ಫೋನಿನ ಗಡಿಯಾರ ಕ್ಯಾಮೆರಾದ ಗಡಿಯಾರ ಕೂದಲೆಳೆಯಷ್ಟು ಬೇರೆ ಇರೋದ್ರಿಂದ, ಉದ್ದ ರೆಕಾರ್ಡಿಂಗಲ್ಲಿ ಅದು ಸೇರ್ಕೊಂಡು ಕೆಲವು ಫ್ರೇಮಿನಷ್ಟು ವ್ಯತ್ಯಾಸ ಆಗ್ಬಿಡುತ್ತೆ. ಫೋನಿನ ರೆಕಾರ್ಡಿಂಗ್ ಸ್ಯಾಂಪಲ್ ರೇಟನ್ನ (ಸೆಕೆಂಡಿಗೆ ಸದ್ದನ್ನ ಎಷ್ಟು ಸಲ ಅಳೀಬೇಕು ಅನ್ನೋದು) 48 ಕಿಲೋಹರ್ಟ್ಜ್‌ಗೆ ಇಡಿ, ಹತ್ತು ಹದಿನೈದು ನಿಮಿಷಕ್ಕೆ ನಿಲ್ಸಿ ಮತ್ತೆ ಚಪ್ಪಾಳೆ ತಟ್ಟಿ. ಹೆಂಗಿದ್ರೂ ನಿಮ್ಮ ಕ್ಯಾಮೆರಾ 29 ನಿಮಿಷ 59 ಸೆಕೆಂಡ್‌ಗೆ ತಾನೇ ನಿಂತುಹೋಗುತ್ತೆ. ತರಕಾರಿ ಗಾಡಿಗೆ ಫಿಲ್ಟರ್ ಇಲ್ಲ, ಅದೂ ಮಾತೇ, ಅಜ್ಜಿ ಮಾತಿರೋ ಜಾಗದಲ್ಲೇ ಕೂತಿರುತ್ತೆ. ಕೆಳಗೆ ಹೋಗಿ ಅರ್ಧ ಕೆಜಿ ಟೊಮ್ಯಾಟೋ ತಗೊಂಡು ಮುಂದಕ್ಕೆ ಕಳ್ಸಿ.