ಜಿಪ್ಸಿಯ ಗೇರ್‌ಬಾಕ್ಸನ್ನು ಮನೆಯಲ್ಲೇ ಇಳಿಸಿ ಬದಲಾಯಿಸಬಹುದೇ?

ಪ್ರಶ್ನೆ (ಹನುಮಂತನಗರ)

ತಂದೆಯವರು ಕೊಂಡು ಈಗ ನಾನು ಓಡಿಸುತ್ತಿರುವ 1.3 ಲೀಟರಿನ ಮಾರುತಿ ಜಿಪ್ಸಿಯ ಗೇರ್‌ಬಾಕ್ಸ್ ಆರು ತಿಂಗಳಿಂದ ಸದ್ದು ಮಾಡುತ್ತಿದೆ. ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಕೇಳಿಸುವ ಒಣ ಗೊರಗೊರ ಸದ್ದು ಕ್ಲಚ್ ಒತ್ತಿದೊಡನೆ ಅಡಗುತ್ತದೆ. ಎರಡನೆಯ ಗೇರಿಗೆ ಇಳಿಸುವಾಗ ಹಲ್ಲು ಕಡಿದಂತಾಗುತ್ತದೆ. ಒಂದು ಗ್ಯಾರೇಜಿನಲ್ಲಿ ಎರಡು ವಾರ ಬಿಟ್ಟಿದ್ದೆ. ಆಯಿಲ್ ಬದಲಾಯಿಸಿದ್ದೇವೆಂದು ಹಣ ಪಡೆದರು, ಆದರೆ ಡ್ರೇನ್ ಪ್ಲಗ್ಗಿನ ಮೇಲೆ ಗಟ್ಟಿಯಾಗಿದ್ದ ಹಳೆಯ ಕೆಸರು ಕದಲಿರಲೇ ಇಲ್ಲ. ಅಂದಿನಿಂದ ಈ ಕೆಲಸವನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದ್ದೇನೆ.

ಬ್ರೇಕ್ ಶೂ, ಕ್ಲಚ್ ಕೇಬಲ್, ವಾಟರ್ ಪಂಪ್ ಬದಲಾಯಿಸಿದ ಅನುಭವವಿದೆ. ಗೇರ್‌ಬಾಕ್ಸಿಗೆ ಕೈ ಹಾಕಿಲ್ಲ. ನಮ್ಮದು 30×40 ನಿವೇಶನದ ಮನೆ, ಪೋರ್ಟಿಕೋದ ನೆಲ ರಸ್ತೆಯ ಕಡೆಗೆ ತುಸು ಇಳಿಜಾರಾಗಿದೆ. ಶಿವಾಜಿನಗರದ ಗುಜರಿಯಿಂದ ಬೇರೊಂದು ಗೇರ್‌ಬಾಕ್ಸ್ ತಂದು, ತಮ್ಮನ ನೆರವಿನಿಂದ ಕೂರಿಸುವ ಯೋಚನೆ. ಇದು ಆಗುವ ಕೆಲಸವೇ? ಎಡವುವುದು ಎಲ್ಲಿ?

ಉತ್ತರ (ರಾಜಾಜಿನಗರ)

ಆಗುವ ಕೆಲಸವೇ, ಆದರೆ ಗುಜರಿಗೆ ಈಗಲೇ ಹೋಗಬೇಡಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ನಿನ ಬಲವನ್ನು ಒಳತರುವ ಇನ್‌ಪುಟ್ ಶಾಫ್ಟ್ ಮತ್ತು ಅದನ್ನು ಗೇರುಗಳಿಗೆ ದಾಟಿಸುವ, ಅದರ ಕೆಳಗಿನ ಲೇಶಾಫ್ಟ್ ಎರಡೂ ತಿರುಗುತ್ತಿರುತ್ತವೆ, ಒತ್ತಿದಾಗ ಎರಡೂ ನಿಲ್ಲುತ್ತವೆ. ಹಾಗಾಗಿ ನೀವು ಹೇಳಿದ ಸದ್ದು ಈ ಎರಡರಲ್ಲಿ ಒಂದರ ಬೇರಿಂಗಿನದು. ಯಾವುದೆಂದು ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಓಡಿಸಿ ನೋಡಿ. ಜಿಪ್ಸಿಯ ನಾಲ್ಕನೆಯ ಗೇರು ಇನ್‌ಪುಟ್ ಶಾಫ್ಟನ್ನು ಹೊರಹೋಗುವ ಶಾಫ್ಟಿಗೆ ನೇರವಾಗಿ ಜೋಡಿಸುವಂಥದು, ಅನುಪಾತ 1:1. ಅಲ್ಲಿ ಲೇಶಾಫ್ಟ್ ತಿರುಗಿದರೂ ಅದರ ಮೇಲೆ ಭಾರ ಬೀಳುವುದಿಲ್ಲ. ಮೂರರಲ್ಲಿ ಜೋರಾಗಿರುವ ಸದ್ದು ನಾಲ್ಕರಲ್ಲಿ ಇಳಿದರೆ ಲೇಶಾಫ್ಟಿನ ಬೇರಿಂಗ್ ಹೋಗಿದೆ ಎಂದೂ, ಎಲ್ಲ ಗೇರುಗಳಲ್ಲಿ ಒಂದೇ ಸಮನೆ ಇದ್ದರೆ ಇನ್‌ಪುಟ್ ಶಾಫ್ಟಿನದು ಹೋಗಿದೆ ಎಂದೂ ತಿಳಿಯಬಹುದು.

ಎರಡನೆಯ ಗೇರಿನ ಕಿರುಗುಟ್ಟುವಿಕೆ ಸಿಂಕ್ರೋ ರಿಂಗ್ (ಗೇರು ಬೀಳುವ ಮುನ್ನ ವೇಗ ಹೊಂದಿಸುವ ಬಳೆ) ಸವೆದದ್ದರಿಂದಿರಬಹುದು, ಕ್ಲಚ್ ಪೂರ್ತಿ ಬಿಡಿಸಿಕೊಳ್ಳದಿರುವುದರಿಂದಲೂ ಇರಬಹುದು. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ಕಾದು ರಿವರ್ಸ್ ಹಾಕಿ ನೋಡಿ. ಆಗಲೂ ಹಲ್ಲು ಕಡಿದರೆ ಮೊದಲು ಕ್ಲಚ್ ಕೇಬಲ್ ಸರಿಪಡಿಸಿ.

ಬೇರಿಂಗ್ ಮತ್ತು ಸಿಂಕ್ರೋ ರಿಂಗ್ ಮಾತ್ರವಾದರೆ, ಗೇರ್‌ಬಾಕ್ಸನ್ನು ನೀವೇ ಇಳಿಸಿ, ಅದನ್ನು ಬಿಚ್ಚಿ ಕಟ್ಟುವುದರಲ್ಲಿ ಪಳಗಿದ ಮೇಸ್ತ್ರಿಯೊಬ್ಬರಿಗೆ ಒಪ್ಪಿಸುವುದೇ ಮೇಲು. ಬೇಕಾದ ಬೇರಿಂಗುಗಳನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಜಿಪ್ಸಿಯ ತಯಾರಿಕೆ 2019ರಲ್ಲೇ ನಿಂತಿರುವುದರಿಂದ ಗುಜರಿಯಲ್ಲಿ ಸಿಗುವುದೂ ನಿಮ್ಮದರಷ್ಟೇ ದುಡಿದಿರುವ ಸಾಧ್ಯತೆಯೇ ಹೆಚ್ಚು. ಕೊಳ್ಳಲೇಬೇಕಾದರೆ ನಿಮ್ಮ ಹಳೆಯ ಕ್ಲಚ್ ಪ್ಲೇಟನ್ನು ಜೊತೆಗೆ ಒಯ್ದು, ಅದು ಇನ್‌ಪುಟ್ ಶಾಫ್ಟಿನ ಮೇಲೆ ತಡೆಯಿಲ್ಲದೆ ಜಾರುತ್ತದೆಯೇ ಎಂದು ಅಲ್ಲಿಯೇ ನೋಡಿ. ಒಳಗಿನ ಆಯಿಲ್ ಸ್ವಲ್ಪ ಬಸಿಯಲು ಹೇಳಿ. ಹಿತ್ತಾಳೆಯ ನವಿರು ಹೊಳಪು ಸಹಜ. ಉಕ್ಕಿನ ಚೂರು ಕಂಡರೆ ಬಿಟ್ಟು ಬನ್ನಿ.

ಉತ್ತರ (ಮೈಸೂರು ರಸ್ತೆ)

ಮೂವತ್ತು ವರ್ಷ ಇದೇ ಕೆಲಸದಲ್ಲಿದ್ದವನು ನಾನು. ಗೇರ್‌ಬಾಕ್ಸಿನ ಭಾರಕ್ಕಿಂತ ನನ್ನನ್ನು ಚಿಂತೆಗೀಡುಮಾಡಿದ್ದು ನಿಮ್ಮ ಇಳಿಜಾರು ನೆಲ. ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದಕ್ಕೆ ಅರ್ಥವಿರುವುದಿಲ್ಲ, ಏಕೆಂದರೆ ಚಕ್ರಕ್ಕೂ ಗೇರಿಗೂ ಸಂಬಂಧವೇ ಕಡಿದಿರುತ್ತದೆ. ಸಮತಟ್ಟಾದ ಜಾಗ ಸಿಗುವವರೆಗೆ ಈ ಕೆಲಸ ಆರಂಭಿಸಬೇಡಿ. ಸಿಕ್ಕ ಮೇಲೂ ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಬದಿ ಮರದ ದಿಮ್ಮಿ ಕೊಡಿ. ಚಾಸಿಯ ಉದ್ದ ಪಟ್ಟಿಗಳ ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಎಚ್ಚರಿಕೆಯನ್ನೇ ಕೊಡದೆ ಒಡೆಯುತ್ತವೆ, ಅವನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಸುಳಬಾರದು.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಡ್ರೇನ್ ಪ್ಲಗ್ಗಿಗಿಂತ ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ; ಎಲ್ಲ ಬಸಿದ ಮೇಲೆ ಅದು ಬರಲಿಲ್ಲವೆಂದರೆ ಪರದಾಡಬೇಕಾಗುತ್ತದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ ಬೇರೆಯಾಗಿ ನಿಂತಿರುವುದು ನಿಮ್ಮ ಅದೃಷ್ಟ. ನಡುವಿನ ಗಿಡ್ಡ ಶಾಫ್ಟನ್ನು, ಬೋಲ್ಟಿನಿಂದ ಕೂಡಿಸಿರುವ ಎರಡೂ ತುದಿಯ ಫ್ಲ್ಯಾಂಜುಗಳ ಮೇಲೆ ಗುರುತು ಹಾಕಿ ಕಳಚಿದರೆ ಸಾಕು. ಆಮೇಲೆ ಗೇರ್ ಲಿವರ್, ಕ್ಲಚ್ ಕೇಬಲ್, ರಿವರ್ಸ್ ಲೈಟಿನ ತಂತಿ, ಸ್ಟಾರ್ಟರ್ ಮೋಟಾರು. ಗೇರ್‌ಬಾಕ್ಸಿನ ಹಿಂಬದಿಯ ಆಧಾರ ಬಿಚ್ಚುವ ಮುನ್ನ, ಗೇರ್‌ಬಾಕ್ಸಿನ ಕೆಳಗಿನ ಜಾಕ್ ಅಲ್ಲದೆ, ಎಂಜಿನ್ನಿನ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜಾಕ್ ಕೊಡಿ, ಇಲ್ಲವಾದರೆ ಎಂಜಿನ್ ಹಿಂದಕ್ಕೆ ವಾಲಿ ಮೆದುಗೊಳವೆಗಳನ್ನು ಜಗ್ಗುತ್ತದೆ.

ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಅದು ಅರ್ಧ ಹೊರಬಂದು ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಇಳಿಸಿದ ಮೇಲೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್, ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಇವನ್ನು ಹೇಗಿದ್ದರೂ ಹೊಸದು ಹಾಕಿ. ಇಷ್ಟು ಬಿಚ್ಚಿದ ಶ್ರಮದ ಮುಂದೆ ಅವುಗಳ ಬೆಲೆ ದೊಡ್ಡದಲ್ಲ.

ನೀವು ಕೇಳಿದ, ಎಡವುವ ಜಾಗ ಮತ್ತೆ ಕೂರಿಸುವ ಹೊತ್ತಿನದು. ಕ್ಲಚ್ ಪ್ಲೇಟನ್ನು ಮಧ್ಯಕ್ಕೆ ತರುವ ಡಮ್ಮಿ ಶಾಫ್ಟನ್ನು ಪೈಲಟ್ ಬೇರಿಂಗಿನವರೆಗೆ ತೂರಿಸಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅನಂತರ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ, ಗೇರ್‌ಬಾಕ್ಸಿನ ಮುಂಭಾಗದ ಕವಚ) ಎಂಜಿನ್ನಿಗೆ ಕೈಬಲದಿಂದಲೇ ಬಂದು ಕೂರಬೇಕು. ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ, ಬೋಲ್ಟು ಬಿಗಿದರೆ ಮುಚ್ಚಿಕೊಳ್ಳುತ್ತದೆ ಎಂದು ಅನ್ನಿಸುತ್ತದೆ. ಆ ಬೋಲ್ಟು ಬಿಗಿಯಬೇಡಿ. ಬೋಲ್ಟು ಕೂರುವ ಕಿವಿ ಮುರಿದ ಎಷ್ಟೋ ಅಲ್ಯೂಮಿನಿಯಂ ಹೌಸಿಂಗುಗಳು ಹೀಗೆಯೇ ನನ್ನ ಬಳಿಗೆ ಬಂದಿವೆ. ಜಾಕಿನ ಎತ್ತರ ಮತ್ತು ಓರೆಯನ್ನು ಕೂದಲೆಳೆಯಷ್ಟು ಬದಲಿಸುತ್ತಾ, ಗೇರಿನಲ್ಲಿಟ್ಟು ಔಟ್‌ಪುಟ್ ಫ್ಲ್ಯಾಂಜನ್ನು ಮೆಲ್ಲಗೆ ತಿರುಗಿಸಿ. ಹಲ್ಲುಗಳು ಹೊಂದಿದೊಡನೆ ತಾನೇ ಒಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು (ಹನುಮಂತನಗರ)

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಗಿನ ಜಾವ ಓಡಿಸಿ ನೋಡಿದೆ: ನಾಲ್ಕನೆಯ ಗೇರಿನಲ್ಲಿ ಸದ್ದು ಬಹುಮಟ್ಟಿಗೆ ಅಡಗುತ್ತದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಆದ್ದರಿಂದ ಗುಜರಿಯ ಯೋಚನೆ ಬಿಟ್ಟು ನಮ್ಮದನ್ನೇ ಬಿಚ್ಚಿಸುತ್ತೇನೆ. ಸೋದರಮಾವನ ಮನೆಯ ಅಂಗಳ ಸಮತಟ್ಟಾಗಿದೆ, ಗಾಡಿಯನ್ನು ಅಲ್ಲಿಗೆ ಒಯ್ಯುವೆ. ಆಯಿಲ್ ಯಾವುದು ಹಾಕಲಿ? ಅಂಗಡಿಯವರು ಗೇರ್ ಆಯಿಲಿನ ದರ್ಜೆಗಳಲ್ಲಿ ಜಿಎಲ್-5 ಹೆಚ್ಚು ಶ್ರೇಷ್ಠವೆನ್ನುತ್ತಾರೆ.

ಉತ್ತರ (ರಾಜಾಜಿನಗರ)

ಜಿಎಲ್-5 ಹೈಪಾಯ್ಡ್ ಡಿಫರೆನ್ಷಿಯಲ್‌ಗೆ, ಅಂದರೆ ಆಕ್ಸಲಿನ ನಡುವೆ ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಗಳಿಗೆ, ತಕ್ಕದ್ದು. ಅದರಲ್ಲಿರುವ ಹೆಚ್ಚಿನ ಗಂಧಕ-ರಂಜಕದ ಅಂಶ ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ತಿನ್ನಬಲ್ಲದು, ಹೊಸ ರಿಂಗ್ ಹಾಕಿಸಿ ಅದನ್ನೇ ಸುರಿಯುವುದು ಸಲ್ಲದು. ಗೇರ್‌ಬಾಕ್ಸಿಗೆ ಜಿಎಲ್-4 ಕೇಳಿ ಪಡೆಯಿರಿ, ಸ್ನಿಗ್ಧತೆಯ ದರ್ಜೆಗೆ ಗಾಡಿಯ ಕೈಪಿಡಿಯನ್ನು ಅನುಸರಿಸಿ. ಗಾಡಿ ಸಮತಟ್ಟಾಗಿ ನಿಂತಿರುವಾಗ, ತುಂಬುವ ರಂಧ್ರದ ಅಂಚಿಗೆ ಆಯಿಲ್ ಬಂದು ತುಳುಕಿದರೆ ಸಾಕು. ಹಳೆಯದನ್ನು ಡಬ್ಬಿಯಲ್ಲಿ ಹಿಡಿದು ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಮನೆಯ ಮುಂದಿನ ಚರಂಡಿಗೆ ಸುರಿದದ್ದು ರಾಜಕಾಲುವೆಯ ಮೂಲಕ ಕೆರೆಗೇ ಹೋಗಿ ಸೇರುತ್ತದೆ.