ಅಪ್‌ಡೇಟ್: ಸ್ಟ್ರಾಂಗ್ ಡಾರ್ಕ್ ಏಲ್‌ಗೆ ಕೊನೆಗೆ ಹಾಕಿದ ಯೀಸ್ಟ್

ಮಡಿಕೇರಿಯ ಚಳಿಯಲ್ಲಿ 1.090 ಗ್ರಾವಿಟಿಯ (ನೀರಿಗೆ 1.000; ಸಕ್ಕರೆ ಕರಗಿದಷ್ಟೂ ಈ ಅಂಕಿ ಏರುತ್ತದೆ) ಡಾರ್ಕ್ ಏಲ್ ಎಂಬ ಕಪ್ಪು ಬಿಯರ್‌ಗೆ ಯಾವ ಯೀಸ್ಟ್, ಬ್ರೆಡ್ ಯೀಸ್ಟ್ ಸಾಕಾ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಬ್ರೆಡ್ ಯೀಸ್ಟ್ ಬಿಟ್ಟೆ. ಅತ್ತೆ ದ್ರಾಕ್ಷಿ ವೈನ್‌ಗೆ ಅದನ್ನೇ ಹಾಕುತ್ತಾರೆ, ಚೆನ್ನಾಗೇ ಬರುತ್ತದೆ. ಬಿಯರ್‌ನಲ್ಲಿ ಮಾತ್ರ ಅದು ಸರಿಯಾಗಿ ತಳಕ್ಕೆ ಕೂರುವುದಿಲ್ಲ.

ಯುಎಸ್-05 ಎಂಬ ಒಣ ಬಿಯರ್ ಯೀಸ್ಟ್ ತರಿಸಿದೆ. 20 ಲೀಟರ್‌ಗೆ 11.5 ಗ್ರಾಂನ ಎರಡು ಪ್ಯಾಕೆಟ್. ಸಾಧಾರಣ ಬಿಯರ್‌ಗೆ ಒಂದು ಸಾಕು, ಇಷ್ಟು ಸಕ್ಕರೆಗೆ ಸಾಲದು. ಕುದಿಸಿ ಆರಿಸಿದ ನೀರು, ಯೀಸ್ಟ್‌ನ ತೂಕದ ಹತ್ತು ಪಟ್ಟು, 27 ಡಿಗ್ರಿ ಹತ್ತಿರ. ಯೀಸ್ಟನ್ನು ಅದರ ಮೇಲೆ ಉದುರಿಸಿ ಕಾಲು ಗಂಟೆ ಮುಟ್ಟಲಿಲ್ಲ, ಆಮೇಲೆ ಮೆಲ್ಲಗೆ ಕಲಕಿದೆ. ಸ್ಟಾರ್ಟರ್ (ಯೀಸ್ಟನ್ನು ಮೊದಲೇ ಸ್ವಲ್ಪ ಸಿಹಿ ದ್ರವದಲ್ಲಿ ಬೆಳೆಸಿಕೊಳ್ಳುವುದು) ಮಾಡಲಿಲ್ಲ. ಅದು ಲಿಕ್ವಿಡ್ ಯೀಸ್ಟ್‌ಗೆ ಬೇಕು, ಒಣ ಯೀಸ್ಟ್‌ಗೆ ಸುಮ್ನೆ ಕೆಲಸ. ವರ್ಟ್ (ಬಿಯರ್ ಆಗುವ ಮುಂಚಿನ ಸಿಹಿ ಮಾಲ್ಟ್ ರಸ) 18 ಡಿಗ್ರಿಗೆ ಇಳಿದ ಮೇಲೆ ಜೋರಾಗಿ ಅಲುಗಾಡಿಸಿ ಗಾಳಿ ಸೇರಿಸಿ, ಯೀಸ್ಟ್ ಹಾಕಿದೆ. ಯೀಸ್ಟ್ ಬೆಳೆಯಲು ಆಮ್ಲಜನಕ ಬೇಕಲ್ವಾ.

ಇಲ್ಲಿನ ತಂಪು ಒಳ್ಳೆಯದೇ ಆಯಿತು. ಬಿಸಿ ಜಾಸ್ತಿಯಾದರೆ ಥಿನ್ನರ್ ವಾಸನೆ ಬರುತ್ತದೆ. ಕೊನೆ ಕೊನೆಗೆ ಮಾತ್ರ ಕಂಬಳಿ ಸುತ್ತಿದೆ, ರಾತ್ರಿ ಚಳಿಗೆ ಯೀಸ್ಟ್ ಮಲಗಬಾರದು ಎಂದು. ಗ್ರಾವಿಟಿ 1.022ಕ್ಕೆ ನಿಂತಿದೆ, ಅಂದರೆ ಸುಮಾರು 9% ಆಲ್ಕೊಹಾಲ್. ಅರ್ಧಕ್ಕೆ ನಮ್ಮ ತೋಟದ ಕಾಫಿ ಸೇರಿಸುತ್ತೇನೆ, ಉಳಿದದ್ದು ಹಾಗೇ ಬಾಟಲಿಗೆ.